ಹೊತ್ತು ಮುಳುಗಿದ ಮೇಲಿನ ತಾಟು

1995ರಲ್ಲಿ ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಕಬ್ಬಿನ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಮಿರಜಕ್ಕೆ ಒಯ್ದರು. ಅವನ ಹತ್ತಿರ ಕೂಡಲು ಒಬ್ಬರು ಬೇಕಿತ್ತು, ನಾನು ಹೋದೆ. ಅಪ್ಪ ಗುಣವಾಗಿ ಊರಿಗೆ ಬಂದ, ನಾನು ಬರಲಿಲ್ಲ. ಅದೇ ದವಾಖಾನೆಯಲ್ಲಿ ವಾರ್ಡಿನ ಕೆಲಸಕ್ಕೆ ನಿಂತೆ. ಅಲ್ಲಿ ವಾರ್ಡಿನ ಕೆಲಸದವರನ್ನೆಲ್ಲ ಮಾಮಾ ಅನ್ನುವುದು ರೂಢಿ. ಇನ್ನೂ ಮೀಸೆ ಮೂಡದ ನನ್ನನ್ನು ಎಂಬತ್ತು ದಾಟಿದ ಮುದುಕರು "ಮಾಮಾ, ಪಾಣಿ ದ್ಯಾ" ಎಂದು ಕರೆದು ನೀರು ಕೇಳುತ್ತಿದ್ದರು. ಆ ಹೆಸರೇ ನಿಂತುಬಿಟ್ಟಿತು. ಮಲ್ಲಪ್ಪ ಅಂದರೆ ಇವತ್ತಿಗೂ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ.

ಬೆನ್ನಿಗೆ ಹುಣ್ಣಾಗದ ಹಾಗೆ ಮಲಗಿದವರನ್ನು ಹೊರಳಿಸುವುದು, ಕೈ ನಡುಗುವವರಿಗೆ ಗಂಟಲಿಗೆ ಸಿಗದ ಹಾಗೆ ಗಂಜಿ ಕುಡಿಸುವುದು, ಸಿಟ್ಟು ಮಾಡುವವರ ಎದುರು ಸುಮ್ಮನೆ ನಿಲ್ಲುವುದು, ಇವು ನನ್ನ ಓದು. ಆ ಓದನ್ನು ನಂಬಿಯೇ ನಾನೂ ನನ್ನ ಹೆಂಡತಿ ಶಾಂತಾನೂ ಐನಾಪುರದ ಹೊರಗೆ, ಕಾಗವಾಡದ ರಸ್ತೆಗೆ, ಮುದುಕರಿಗಾಗಿ ಒಂದು ಆಶ್ರಮ ತೆಗೆದೆವು. ಆಶ್ರಮ ಅನ್ನುವುದು ಬೋರ್ಡಿನ ಮೇಲಿನ ಮಾತು. ಅಲ್ಲಿ ಇರುವವರು ಮನೆ ಅನ್ನುತ್ತಾರೆ.

ಹೋದ ವಾರ ಹಾರೂಗೇರಿಗೆ, ಶಾಂತಾಳ ತವರಿಗೆ, ಹೋಗಿದ್ದೆ. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಯಾರದೋ ಕಾಗದಕ್ಕೆ ಲ್ಯಾಮಿನೇಶನ್ ಮಾಡುತ್ತಿದ್ದರು. ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬಸ್ಸು ಬರುವ ತನಕ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ತಿರುಗುತ್ತಲೇ ಇದ್ದೆ. ಮೂರು ವರ್ಷದ ಹಿಂದಿನ ಮಳೆಗಾಲ ಆ ವಾಸನೆಯ ಒಳಗೇ ಕೂತಿತ್ತು.

ಆ ವರ್ಷ ನಮ್ಮ ಆಶ್ರಮದ ನೋಂದಣಿ ಮುಗಿಯುವುದಿತ್ತು. ನವೀಕರಣ ಆಗದಿದ್ದರೆ ಬಾಗಿಲು ಹಾಕಬೇಕು, ಇದ್ದವರನ್ನು ಇಲಾಖೆಯವರು ಬೇರೆ ಊರಿನ ಆಶ್ರಮಗಳಿಗೆ ಹಂಚಿ ಕಳಿಸುತ್ತಾರೆ. ಏನೇನು ಇರಬೇಕು ಎಂಬುದರ ಪಟ್ಟಿ ಮೊದಲೇ ಬಂದಿತ್ತು. ಗಾಲಿ ಕುರ್ಚಿ ಏರುವ ಇಳಿಜಾರು, ಸಂಡಾಸಿನಲ್ಲಿ ಹಿಡಿಕೆ, ಬೆಂಕಿ ಆರಿಸುವ ಸಿಲಿಂಡರು, ತಿಂಗಳಿಗೊಮ್ಮೆ ಡಾಕ್ಟರು, ದೂರಿನ ಪೆಟ್ಟಿಗೆ. ಅದರಲ್ಲಿ ಅರ್ಧ ನಾನು ಯಾರೂ ಹೇಳುವ ಮೊದಲೇ ಮಾಡಿದ್ದೆ. ಸಂಡಾಸಿನ ಹಿಡಿಕೆಗಳನ್ನು ನಾನೇ ವೆಲ್ಡಿಂಗ್ ಮಾಡಿ ಗೋಡೆಗೆ ಕೂಡಿಸಿದ್ದೆ. ಉಳಿದದ್ದು ಕಾಗದ. ಒಬ್ಬೊಬ್ಬ ಹಿರಿಯರಿಗೂ ಒಂದೊಂದು ಹಾಳೆ ಇರಬೇಕಂತೆ: ಏನು ಉಣ್ಣುತ್ತಾರೆ, ಯಾವ ಹೊತ್ತಿಗೆ ಉಣ್ಣುತ್ತಾರೆ, ಏನು ಒಗ್ಗುವುದಿಲ್ಲ, ಯಾವ ಗುಳಿಗೆ ಎಂದು.

ನನಗೆ ನಗು ಬಂತು. ಯಾರಿಗೆ ಏನು ಬೇಕು ಎಂಬುದು ನನ್ನ ಕೈಗೇ ಗೊತ್ತಿದೆ, ಬರೆದಿಡುವುದು ಮರೆಯುವವರ ಕೆಲಸ ಅಂದುಕೊಂಡೆ. ಹಾರೂಗೇರಿಯ ಆ ಅಂಗಡಿಗೆ ಹೋಗಿ ಒಂದು ಹಾಳೆ ಟೈಪು ಮಾಡಿಸಿದೆ. ಮುಂಜಾನೆ ಚಹಾ, ಹತ್ತಕ್ಕೆ ನಾಷ್ಟಾ, ಒಂದಕ್ಕೆ ಊಟ, ರಾತ್ರಿ ಎಂಟಕ್ಕೆ ಊಟ. ಅಂಗಡಿಯವನು ಹೆಸರೊಂದನ್ನು ಬದಲಿಸುತ್ತ ಅದನ್ನೇ ಎಲ್ಲರಿಗೂ ತೆಗೆದುಕೊಟ್ಟ. ಮೇಲೆ ಪ್ಲಾಸ್ಟಿಕ್ ಹಾಕಿಸಿ ಎಲ್ಲರ ಕಾಟಿನ ತಲೆಯ ಕಡೆ ತೂಗುಹಾಕಿದೆ. ದೊಡ್ಡ ದವಾಖಾನೆಯ ಹಾಗೆ ಕಂಡಿತು. ಶಾಂತಾಳನ್ನು ಕರೆದು ತೋರಿಸಿದೆ ಕೂಡ.

ಇಲ್ಲಿ ಚಂಪವ್ವ ಕಾಕೂ ಬಗ್ಗೆ ಹೇಳಬೇಕು. ಕಾಕೂ ಅಂದರೆ ನಮ್ಮ ಕಡೆ ಚಿಕ್ಕಮ್ಮ. ಅವರು ಜೈನರ ಮನೆತನದವರು. ಗಂಡ ತೀರಿಕೊಂಡ ಮೇಲೆ ದ್ರಾಕ್ಷಿ ತೋಟವನ್ನು ಮೈದುನನ ಮಕ್ಕಳಿಗೆ ಒಪ್ಪಿಸಿ, ಒಂದು ಟ್ರಂಕು ಹಿಡಿದುಕೊಂಡು ತಾವೇ ರಿಕ್ಷಾ ಹತ್ತಿ ನಮ್ಮಲ್ಲಿಗೆ ಬಂದವರು. "ನನ್ನ ಯಾರೂ ತಂದು ಬಿಟ್ಟಿಲ್ಲ ಮಲ್ಲೂ, ನಾ ಇರಾಕ ಬಂದೇನಿ" ಎಂದು ಬಾಗಿಲಲ್ಲೇ ಹೇಳಿದ್ದರು. ನನ್ನನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುವುದಿಲ್ಲ. ನೀರು ಕೂಡ ಇಲ್ಲ. ಸಣ್ಣ ಹುಡುಗಿ ಇದ್ದಾಗ ಹಿಡಿದ ನೇಮ. ಅವರಿಗಾಗಿ ಶಾಂತಾ ಸಂಜೆ ಐದಕ್ಕೇ ಬೇರೆ ಒಲೆ ಹಚ್ಚಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಬೇಳೆ, ಎರಡು ಬಿಸಿ ಚಪಾತಿ ಮಾಡಿ ನೀಡುತ್ತಿದ್ದಳು. ಮಳೆಗಾಲ ಬಂದರೆ ಮೋಡದಲ್ಲಿ ಸೂರ್ಯ ಕಾಣುವುದಿಲ್ಲ. ಆಗ ಕಾಕೂ ಕಿಟಕಿಯಿಂದ ಕೂಗುವರು: "ಮಲ್ಲೂ, ಹೊತ್ತ ಮುಣಗೇತೇನೋ?" ನಾನು ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆ ನೋಡಿ, "ಇನ್ನೂ ಐತ್ರಿ ಕಾಕೂ, ಸಾವಕಾಶ ಉಣ್ರಿ" ಎಂದು ಹೇಳಬೇಕು.

ಆಷಾಢ ಕಳೆದ ಮೇಲೆ ಒಂದು ಮಧ್ಯಾಹ್ನ ಇಲಾಖೆಯ ಜೀಪು ಬಂತು. ಇಳಿದವರು ಒಬ್ಬ ಮೇಡಮ್. ಮಾತು ಮೈಸೂರಿನ ಕಡೆಯದು. ನಮ್ಮ ಜಿಲ್ಲೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅಡುಗೆಮನೆ ನೋಡಿದರು, ಔಷಧದ ಕಪಾಟು ನೋಡಿದರು. ಸಂಡಾಸಿನ ಹಿಡಿಕೆಯನ್ನು ಎರಡೂ ಕೈಯಿಂದ ಅಲುಗಿಸಿದರು. ಅದು ಅಲುಗಲಿಲ್ಲ.

"ಗಟ್ಟಿಯಾಗಿದೆ" ಅಂದರು.

"ಇರಬೇಕಲ್ರಿ. ನಾನ ಮಾಡೇನಿ."

ಅವರು ನನ್ನ ಮುಖ ನೋಡಿ, "ಈಗ ಸ್ವಲ್ಪ ಹೊರಗೆ ಇರಿ. ಇವರ ಹತ್ತಿರ ನಾನು ಒಬ್ಬಳೇ ಮಾತಾಡ್ಬೇಕು, ಅದು ನಿಯಮ" ಅಂದರು.

ನನ್ನ ಮನೆಯಲ್ಲಿ ನನ್ನನ್ನೇ ಹೊರಗೆ ಕಳಿಸಿದ ಹಾಗಾಯಿತು. ಅಂಗಳದ ಬೇವಿನ ಮರದ ಕೆಳಗೆ ನಿಂತೆ. ಜಿಟಿಜಿಟಿ ಮಳೆ. ಒಳಗಿನ ಮಾತು ಒಂದೂ ಕೇಳುತ್ತಿರಲಿಲ್ಲ. ನಿಂತೆ, ನಡೆದೆ, ಮತ್ತೆ ನಿಂತೆ. ಅಡುಗೆಮನೆಯ ಬಾಗಿಲಿನಿಂದ ಶಾಂತಾ, "ಏನ್ರಿ, ಹೆಣ್ಮಕ್ಕಳು ಗಂಡನ ಆಯುಷ್ಯಕ್ಕಂತ ಆಲದ ಮರ ಸುತ್ತತಾರ. ನೀವು ಯಾರ ಸಲುವಾಗಿ ಬೇವಿನ ಮರ ಸುತ್ತಾಕತ್ತೀರಿ?" ಅಂದಳು.

"ನೋಂದಣಿ ಸಲುವಾಗಿ" ಅಂದೆ.

ಮೇಡಮ್ ಹೊರಗೆ ಬಂದಾಗ ಮುಖ ಗಂಟಾಗಿತ್ತು. ಶಾಂತಾ ಚಹಾ ತಂದಳು, ಬೇಡ ಅಂದರು. ಜೀಪು ಹೋದ ಮೇಲೆ ಆ ಕಪ್ಪು ಕಟ್ಟೆಯ ಮೇಲೆ ಹಾಗೇ ಇತ್ತು, ಮಳೆಯ ಹನಿ ಬಿದ್ದು ತುಂಬತೊಡಗಿತು. ನಮ್ಮ ಮನೆಯ ಚಹಾ ಬೇಡ ಅಂದವರನ್ನು ನಾನು ಅದೇ ಮೊದಲು ನೋಡಿದ್ದು.

ನೋಟಿಸು ಆ ವಾರದಲ್ಲೇ ಬಂತು. ಬೆರಳಿಟ್ಟು ಓದಿದೆ. ಹಿರಿಯರೊಬ್ಬರಿಗೆ ರಾತ್ರಿ ಊಟವನ್ನಾಗಲಿ, ಕುಡಿಯುವ ನೀರನ್ನಾಗಲಿ ಕೊಡುತ್ತಿಲ್ಲ. ಆದರೂ ಅವರ ಹಾಳೆಯಲ್ಲಿ ರಾತ್ರಿ ಎಂಟಕ್ಕೆ ಊಟ ಎಂದು ಸುಳ್ಳು ನಮೂದಿಸಲಾಗಿದೆ. ನೋಂದಣಿಯನ್ನು ಯಾಕೆ ರದ್ದು ಮಾಡಬಾರದು ಎಂಬುದಕ್ಕೆ ವಿವರಣೆ ಕೊಡಿ.

ಎರಡು ಸಲ ಓದಿದೆ. "ಯಾರ್ರಿ ಹೇಳಿದವರು? ನನ್ನ ಮನ್ಯಾಗ ಉಣ್ಣಾಕ ಇಲ್ಲಂತ ಯಾರು ಹೇಳಿದರು?" ಎಂದು ಪಡಸಾಲೆಯಲ್ಲಿ ಕೂಗಾಡಿದೆ.

ಶಾಂತಾ ಕಾಗದ ಇಸಿದುಕೊಂಡು ನೋಡಿದಳು. ಮೊದಲು ನಕ್ಕಳು, ಆಮೇಲೆ ನಗು ನಿಂತಿತು. "ಯಾರಂತ ಕೇಳ್ತೀರೇನ? ರಾತ್ರಿ ಉಣ್ಣದವರು ಇಲ್ಲಿ ಒಬ್ಬರ ಅದಾರ."

ಕಾಕೂ ಕೋಣೆಗೆ ಹೋದೆ. ಅವರು ಜಪಮಾಲೆ ಹಿಡಿದು ಕೂತಿದ್ದರು.

"ಕಾಕೂ, ಆ ಮೇಡಮ್ ನಿಮಗ ಏನ ಕೇಳಿದ್ರು?"

"ಏನ ಕೇಳಬೇಕೋ? ಅಜ್ಜಿ, ರಾತ್ರಿ ಊಟ ಕೊಡ್ತಾರಾ ಅಂದಳು. ಛೀ ಛೀ, ರಾತ್ರಿ ಊಟಾ ಎಲ್ಲೀದವ್ವ, ಇಲ್ಲ ಅಂದ್ನಿ. ನೀರಾದರೂ ಕೊಡ್ತಾರಾ ಅಂದಳು. ನೀರ ಸುದ್ದಾ ಇಲ್ಲವ್ವ ಅಂದ್ನಿ. ಎಷ್ಟ ದಿನದಿಂದ ಅಂದಳು. ಮೊದಲಿಂದಾನೂ ಹಿಂಗ ಅಂದ್ನಿ. ಪಾಪ, ಆ ಹುಡಿಗಿ ಕಣ್ಣಾಗ ನೀರ ತಂದಳು. ನನ್ನ ನೇಮ ಕೇಳಿ ಭಕ್ತಿ ಬಂತು ಅಂದ್ಕೊಂಡ್ನಿ."

ಕಾಕೂ ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಮೇಡಮ್ಮೂ ಕೇಳಿದ್ದನ್ನೇ ಬರೆದಿದ್ದರು. ನಮ್ಮ ಈ ಕೃಷ್ಣಾ ದಂಡೆಯ ಊರುಗಳಲ್ಲಿ ಜೈನರು ರಾತ್ರಿ ಉಣ್ಣುವುದಿಲ್ಲ ಎಂಬುದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮದುವೆಗಳಲ್ಲಿ ಅವರ ಪಂಕ್ತಿ ಬೆಳಕಿರುವಾಗಲೇ ಏಳುತ್ತದೆ. ಹಳ್ಳದ ನೀರು ಇಳಿಜಾರಿನತ್ತ ಹರಿಯುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ, ಹಾಗೆ. ಹೇಳಬೇಕಾದವರು ಒಬ್ಬರು ಹೊರಗಿನಿಂದ ಬಂದಾಗ ನಮಗೆ ಯಾರಿಗೂ ಅದು ಹೊಳೆಯಲಿಲ್ಲ.

ಫೋನು ಮಾಡಿ ಎಲ್ಲ ಹೇಳಿದೆ. ಮೇಡಮ್ ಪೂರ್ತಿ ಕೇಳಿಸಿಕೊಂಡರು. "ನೋಡಿ, ಹಾಳೆ ಒಂದು ಹೇಳುತ್ತೆ, ಅಜ್ಜಿ ಒಂದು ಹೇಳ್ತಾರೆ, ನೀವು ಮೂರನೇದು ಹೇಳ್ತಿದ್ದೀರ. ನಾನು ಯಾವುದನ್ನ ನಂಬ್ಲಿ? ಬರೆದು ಕಳಿಸಿ."

"ಬರದದ್ದ ನೋಡೇನ ಇಷ್ಟೆಲ್ಲಾ ಆಗೇತ್ರಿ. ನೀವ ಬಂದ ಕಣ್ಣಿಲೆ ನೋಡ್ರಿ."

"ಬರ್ತೀನಿ. ರಾತ್ರಿ ಊಟದ ಹೊತ್ತಿಗೇ ಬರ್ತೀನಿ. ಯಾವತ್ತು ಅಂತ ಹೇಳಲ್ಲ" ಎಂದು ಇಟ್ಟುಬಿಟ್ಟರು.

ಅಲ್ಲಿಂದ ನನ್ನ ಸಂಜೆಗಳು ಕೆಟ್ಟವು. ಮೇಲೆ ಕೊಂಕಣದ ಘಟ್ಟದಲ್ಲಿ ಮಳೆ ಹಿಡಿದಿತ್ತು, ಕೃಷ್ಣೆ ದಿನಾ ಏರುತ್ತಿದ್ದಳು. ಕುಡಚಿಯ ಸೇತುವೆ ಮುಳುಗಿತು ಎಂದು ಬಸ್ಸಿನವರು ಹೇಳುತ್ತಿದ್ದರು. ರಸ್ತೆಯಲ್ಲಿ ಯಾವ ಗಾಡಿಯ ದೀಪ ಕಂಡರೂ ಗೇಟಿನ ತನಕ ಹೋಗುವುದು, ಹಾಲಿನ ಟೆಂಪೋ ಎಂದು ಗೊತ್ತಾಗಿ ತಿರುಗುವುದು. ನೀಡುವಾಗ ಸಾಂಬಾರಿನ ಸೌಟು ಕೈಯಲ್ಲಿ ಹಾಗೇ ನಿಲ್ಲುತ್ತಿತ್ತು. ಸಣ್ಣದಕ್ಕೂ ರೇಗುತ್ತಿದ್ದೆ. ಒಂದು ರಾತ್ರಿ ಉಪ್ಪು ಹೆಚ್ಚಾಯಿತು ಎಂದು ಯಾರೋ ಅಂದದ್ದಕ್ಕೆ, "ಉಣ್ರಿ, ಉಣ್ರಿ. ಮುಂದಿನ ತಿಂಗಳ ಬಾಗಲಾ ಹಾಕಿದ ಮ್ಯಾಗ ಯಾವ ಊರಾಗ ಯಾವ ಉಪ್ಪ ಸಿಗತೈತಿ ನೋಡೂಣು" ಅಂದುಬಿಟ್ಟೆ. ಎಲ್ಲರೂ ತಾಟು ನೋಡುತ್ತ ಉಣ್ಣತೊಡಗಿದರು.

ಶಿಂದೆ ಅಜ್ಜ ಮಾತ್ರ ಸುಮ್ಮನಿರುವವರಲ್ಲ. ಅಕ್ಕೋಳದವರು, ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಚೀಲ ಹೊತ್ತು ಬೆನ್ನು ಬಾಗಿದವರು. ಮನೆಮಾತು ಮರಾಠಿ. ಕಾಕೂ ಕೋಣೆಯ ಕಡೆ ತಿರುಗಿ ಗಟ್ಟಿಯಾಗಿ, "ಚಂಪಾಬಾಯಿ, ಉಪಾಸ ತುಮಚಾ ಆನಿ ಉಪಾಶಿ ಆಮ್ಹೀ!" ಅಂದರು. ಉಪವಾಸ ನಿಮ್ಮದು, ಹಸಿದು ಕೂಡುವವರು ನಾವು ಅಂತ. ಎಲ್ಲರೂ ನಕ್ಕರು. ಅಜ್ಜ ಚೇಷ್ಟೆಗೇ ಅಂದದ್ದು. ಆದರೆ ಕಾಕೂ ಕೋಣೆಯಿಂದ ಯಾವಾಗಲೂ ಬರುವ ತಿರುಗು ಉತ್ತರ ಆ ರಾತ್ರಿ ಬರಲಿಲ್ಲ.

ಮಳೆ ಹಗಲಿಡೀ ಹೊಡೆದ ಒಂದು ದಿನ, ಇಂಥಾದರಲ್ಲಿ ಯಾರು ಬರುತ್ತಾರೆ ಎಂದು ನಾನು ಗೇಟಿನ ಕಡೆ ನೋಡುವುದನ್ನು ಬಿಟ್ಟಿದ್ದೆ. ಎಲ್ಲರೂ ಉಣ್ಣಲು ಕೂತಿದ್ದರು. ಆಗ ಜೀಪು ಬಂತು. ಕುಡಚಿಯ ಹಾದಿ ಮುಚ್ಚಿದ್ದರಿಂದ ಚಿಕ್ಕೋಡಿ, ಅಂಕಲಿ ಮೇಲೆ ಸುತ್ತು ಹಾಕಿ ಬಂದಿದ್ದರು. ಮೇಡಮ್ಮಿನ ಸೀರೆಯ ಅಂಚೆಲ್ಲ ಕೆಸರು. "ನಡೀಲಿ, ಊಟ ನಡೀಲಿ" ಎಂದು ಬಾಗಿಲಲ್ಲೇ ನಿಂತರು.

ಅಷ್ಟರಲ್ಲಿ ಕಾಕೂ ತಮ್ಮ ಕೋಣೆಯಿಂದ ಹೊರಗೆ ಬಂದರು. ಗೋಡೆ ಹಿಡಿದುಕೊಂಡು ನಡೆದು, ಪಂಕ್ತಿಯಲ್ಲಿ ಶಿಂದೆ ಅಜ್ಜನ ಪಕ್ಕ ಕೂತರು. ತಾಟು ಎಳೆದುಕೊಂಡರು. ಇಷ್ಟು ವರ್ಷಗಳಲ್ಲಿ ಆ ಹೊತ್ತಿಗೆ ಅವರನ್ನು ಆ ಜಾಗದಲ್ಲಿ ಯಾರೂ ಕಂಡಿರಲಿಲ್ಲ. ಶಾಂತಾ ಕೈಯಲ್ಲಿ ಅನ್ನದ ಬುಟ್ಟಿ ಹಿಡಿದವಳು ದಿಕ್ಕು ತೋಚದೆ ಒಂದು ಸೌಟು ಹಾಕಿಯೇಬಿಟ್ಟಳು. ಕಾಕೂ ಅನ್ನ ಕಲಸತೊಡಗಿದರು. ಕಣ್ಣು ತಾಟಿನ ಮೇಲಿರಲಿಲ್ಲ, ಮೇಡಮ್ಮಿನ ಮೇಲಿತ್ತು. ನೋಡವ್ವ, ಇಲ್ಲಿ ರಾತ್ರಿ ಊಟ ಕೊಡುತ್ತಾರೆ, ನೋಡಿ ಬರೆದುಕೊ ಎನ್ನುವ ಹಾಗೆ.

ಅವರು ಒಂದು ತುತ್ತು ನುಂಗಿದ್ದರೆ ನನ್ನ ನೋಂದಣಿ ಉಳಿಯುತ್ತಿತ್ತು. ಅದು ನನಗೆ ಆ ಗಳಿಗೆಯಲ್ಲೇ ತಿಳಿದಿತ್ತು. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಕೈ ಬಾಯಿಯ ಹತ್ತಿರ ಬಂತು. ನಾನು ಎರಡು ಹೆಜ್ಜೆಯಲ್ಲಿ ಹೋಗಿ ಆ ಕೈ ಹಿಡಿದೆ, ತಾಟು ಕಸಿದುಕೊಂಡೆ.

"ಏನ್ರೀ ಇದು!" ಮೇಡಮ್ ಒಳಗೇ ಬಂದುಬಿಟ್ಟರು. "ಫೋನಲ್ಲಿ ಇವರು ರಾತ್ರಿ ಉಣ್ಣಲ್ಲ ಅಂದ್ರಿ. ಉಣ್ಣೋಕೆ ಕೂತಿದ್ದಾರೆ. ವಯಸ್ಸಾದವರ ಕೈಯಿಂದ ತಟ್ಟೆ ಕಿತ್ಕೋತೀರಾ? ಅದೂ ನನ್ನ ಕಣ್ಣೆದುರಿಗೆ?"

"ಹೌದ್ರಿ, ಕಸಗೊಂಡ್ನಿ. ಬರಕೋರಿ."

"ತಾಟ ಕೊಡೋ ಮಲ್ಲೂ" ಅಂದರು ಕಾಕೂ. ಧ್ವನಿ ತೋಟದ ಆಳುಗಳಿಗೆ ಹೇಳುತ್ತಿದ್ದ ಧ್ವನಿ.

"ಕೊಡಾಂಗಿಲ್ರಿ ಕಾಕೂ."

"ನೇಮ ನಂದು. ಹಿಡದಾಕಿ ನಾನು, ಬಿಡಾಕಿ ನಾನು. ನಡಕ ನಿಂದೇನ?"

"ಮನಿ ನಂದೈತ್ರಿ. ನನ್ನ ಮನಿ ಉಳಸಾಕ ನೀವು ನೇಮಾ ಮುರದ್ರ, ಆ ಮನ್ಯಾಗ ನಾ ಹ್ಯಾಂಗ ಇರಲಿ?"

"ಇವರನ್ನೆಲ್ಲಾ ಎಲ್ಲಿಗೆ ಕಳಸ್ತಾರೋ? ಈ ಶಿಂದೆಗ ಮರಾಠಿ ಬಿಟ್ಟರ ಬ್ಯಾರೆ ಮಾತಾಡಾಕ ಬರಾಂಗಿಲ್ಲ. ಇವನ ಚೇಷ್ಟಿ ಅಲ್ಲಿ ಯಾರಿಗೆ ತಿಳೀತೈತಿ?"

ಶಿಂದೆ ಅಜ್ಜ ತಲೆ ತಗ್ಗಿಸಿ ತಾಟಿನಲ್ಲಿ ಬೆರಳಾಡಿಸುತ್ತಿದ್ದರು. "ಮೀ ಗಮತೀನ ಬೋಲಲೊ ಹೋತೊ, ಬಾಯಿ," ಅಂದರು ಮೆತ್ತಗೆ. ತಮಾಷೆಗೆ ಅಂದಿದ್ದೆ ತಾಯಿ ಎಂದು.

ಮೇಡಮ್ ಒಬ್ಬೊಬ್ಬರ ಮುಖ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೊರಗೆ ಹೋಗಿ. ನಾನು ಅಜ್ಜಿ ಹತ್ತಿರ ಒಬ್ಬಳೇ ಮಾತಾಡ್ಬೇಕು" ಅಂದರು.

ಮತ್ತೆ ಅದೇ ಬೇವಿನ ಮರ. ಈ ಸಲ ಕತ್ತಲು, ಮೇಲಿಂದ ಸುರಿಯುವ ಮಳೆ. ಕೈಯಲ್ಲಿ ಕಲಸಿದ ಅನ್ನದ ತಾಟು ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಹೊಳೆಯಲಿಲ್ಲ. ಮರ ಸುತ್ತಿದೆ. ಶಾಂತಾ ಈ ಸಲ ಚೇಷ್ಟೆ ಮಾಡಲಿಲ್ಲ. ಛತ್ರಿ ತಂದು ನನ್ನ ತಲೆಯ ಮೇಲೆ ಹಿಡಿದು, ನಾನು ಸುತ್ತಿದ ಹಾಗೆ ತಾನೂ ಸುತ್ತಿದಳು.

ಒಳಗೆ ಏನು ನಡೆಯಿತೆಂದು ಕಾಕೂ ಆಮೇಲೆ ಹೇಳಿದರು. "ಅಜ್ಜಿ, ಅವತ್ತೇ ಇದನ್ನ ನನಗ್ಯಾಕೆ ಹೇಳ್ಲಿಲ್ಲ?" ಎಂದು ಮೇಡಮ್ ಕೇಳಿದರಂತೆ. "ನೀ ಕೇಳಲಿಲ್ಲವ್ವ. ಕೊಡ್ತಾರೇನ ಅಂದಿ, ಇಲ್ಲ ಅಂದ್ನಿ. ಉಣ್ಣತೀಯೇನ ಅಂತ ಕೇಳಿದ್ದರ ಹೇಳತಿದ್ನಿ."

ಮೇಡಮ್ ಹೊರಗೆ ಬಂದರು. ಪಡಸಾಲೆಯ ಕುರ್ಚಿಯಲ್ಲಿ ಕೂತು, "ಚಹಾ ಸಿಗುತ್ತಾ?" ಅಂದರು. ಶಾಂತಾ ಒಳಗೆ ಓಡಿದಳು. ನಾನು ನೋಂದಣಿಯ ಮಾತು ಬರುತ್ತದೆಂದು ನಿಂತೇ ಇದ್ದೆ.

"ನಾನು ಬರೆದದ್ದನ್ನ ತಿದ್ದುತ್ತೀನಿ" ಅಂದರು. "ಆದರೆ ನೀವು ತೂಗುಹಾಕಿದ ಹಾಳೆಯನ್ನ ಬಿಡಲ್ಲ. ಎಲ್ಲರಿಗೂ ಒಂದೇ ಹಾಳೆ! ಅಜ್ಜಿ ತಲೆ ಮೇಲೆ ರಾತ್ರಿ ಎಂಟಕ್ಕೆ ಊಟ ಅಂತ ಬರೆದಿದೆ. ನಾಳೆ ನೀವು ಕಾಯಿಲೆ ಬಿದ್ದು ಮಲಗಿದ್ರಿ ಅನ್ಕೊಳ್ಳಿ. ನನ್ನಂಥವಳು ಒಬ್ಬಳು ಹೊಸ ನರ್ಸ್ ಬರ್ತಾಳೆ, ಇದನ್ನ ಓದ್ತಾಳೆ, ಅಜ್ಜಿಗೆ ಮೈಮೇಲೆ ಎಚ್ಚರ ಇಲ್ಲದಾಗ ರಾತ್ರಿ ಎಂಟಕ್ಕೆ ಬಾಯಿಗೆ ಹಾಕ್ತಾಳೆ. ಆಗ ತಟ್ಟೆ ಕಿತ್ಕೊಳ್ಳೋಕೆ ಯಾರಿರ್ತಾರೆ?"

ಮಿರಜದಲ್ಲಿ ಎಚ್ಚರವಿಲ್ಲದವರಿಗೆ ನಾನೇ ಎಷ್ಟೋ ಜನಕ್ಕೆ ಕುಡಿಸಿದ್ದೆ, ಉಣಿಸಿದ್ದೆ. ಅವರಲ್ಲಿ ಯಾರ ನೇಮ ಏನಿತ್ತೋ ಯಾರಿಗೆ ಗೊತ್ತು. ಅವರ ತಲೆಯ ಮೇಲೆ ಬರೆದಿರಲಿಲ್ಲ.

ಮೇಡಮ್ ಚಹಾ ಪೂರ್ತಿ ಕುಡಿದು ಹೋದರು.

ಮರುದಿನ ಕಾಕೂ ಬೆಳಿಗ್ಗೆಯಿಂದಲೇ ಏನೂ ಮುಟ್ಟಲಿಲ್ಲ. ನುಂಗದಿದ್ದರೇನು, ಕಲಸಿದ್ದೆನಲ್ಲ, ಮನಸ್ಸಿನಲ್ಲಿ ಉಂಡ ಹಾಗೇ ಆಯಿತು, ಅದಕ್ಕೆ ಪ್ರಾಯಶ್ಚಿತ್ತ ಎಂದರು. ಇಡೀ ದಿನ ಉಪವಾಸ. ಪಟ್ಟಿಯಲ್ಲಿ ಇನ್ನೊಂದು ನಿಯಮವಿತ್ತು: ಹಿರಿಯರು ಒಂದು ದಿನ ಪೂರ್ತಿ ಆಹಾರ ಬೇಡವೆಂದರೆ ಡಾಕ್ಟರನ್ನು ಕರೆಸಿ ಬರೆಸಬೇಕು. ಹಿಂದಿನ ಮಲ್ಲಪ್ಪನಾಗಿದ್ದರೆ ಬಿಡುತ್ತಿದ್ದೆ. ಡಾಕ್ಟರಿಗೆ ಫೋನು ಮಾಡಿದೆ. ಅವರು ಮಳೆಯಲ್ಲಿ ಬಂದು ನಾಡಿ ಹಿಡಿದು ನೋಡಿದರು. "ಅಜ್ಜಿ, ಯಾಕ ಉಂಡಿಲ್ಲ?" ಎಂದು ಕೇಳಿದರು. "ಉಣ್ಣಲಾರದ್ದ ಉಂಡೇನಿ, ಅದಕ್ಕ" ಅಂದರು ಕಾಕೂ. ಡಾಕ್ಟರು ನನ್ನ ಮುಖ ನೋಡಿದರು. ಏನು ಬರೆಯಬೇಕೆಂದು ಅವರಿಗೂ ತಿಳಿಯಲಿಲ್ಲ.

ಆ ಹಾಳೆಗಳನ್ನೆಲ್ಲ ಗೋಡೆಯಿಂದ ಕಿತ್ತೆ. ಒಬ್ಬೊಬ್ಬರ ಕಾಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ಕೇಳಿದೆ. ನಾನು ಕೇಳುವುದು, ಶಾಂತಾ ಬರೆಯುವುದು. ಗಣಪತಿ ಹಬ್ಬದ ತನಕ ಅದೇ ನಡೆಯಿತು. ಎಲ್ಲ ನನಗೆ ಗೊತ್ತಿದೆ ಅಂದುಕೊಂಡಿದ್ದೆನಲ್ಲ. ಶಿಂದೆ ಅಜ್ಜನಿಗೆ ಹಾಲು ಸೇರುವುದಿಲ್ಲವಂತೆ. ರಾತ್ರಿ ಮಲಗುವಾಗ ನಾನೇ ಕೈಯಾರೆ ಕೊಡುತ್ತಿದ್ದೆ, ನನಗೆ ಬೇಸರವಾದೀತು ಎಂದು ಕುಡಿಯುತ್ತಿದ್ದರಂತೆ. "ಹೇಳಬೇಕಿಲ್ಲೇನ್ರಿ ಅಜ್ಜಾ?" ಅಂದೆ. "ಮಾಮಾ, ತೂ ವಿಚಾರಲಂಸ ಕುಠಂ?" ಅಂದರು. ನೀನು ಕೇಳಿದೆಯೆಲ್ಲಿ ಅಂತ.

ಕೃಷ್ಣೆ ಇಳಿದ ಮೇಲೆ ನೋಂದಣಿ ಬಂತು. ಕಾಕೂ ನೇಮ ಇಲ್ಲಿ ನಡೆಯುತ್ತದೆಂದು ಕೇಳಿ ಅದೇ ನೇಮದ ಇನ್ನೂ ಮೂವರು ಬಂದು ಸೇರಿದರು. ಆದರೂ ಆ ಮಳೆಗಾಲ ನನ್ನ ಕಾಲಿನಿಂದ ಪೂರ್ತಿ ಇಳಿದಿಲ್ಲ. ಈಗಲೂ ಸಂಜೆ ಗಾಡಿಯ ಸದ್ದಾದರೆ ಗೇಟಿನ ತನಕ ಹೋಗಿ ಬರುತ್ತೇನೆ. ಹಾರೂಗೇರಿಯಿಂದ ಆ ದಿನ ಮನೆ ಮುಟ್ಟುವಷ್ಟರಲ್ಲಿ ಮೋಡ ಕವಿದಿತ್ತು. ಕಿಟಕಿಯಿಂದ ಕೂಗು ಬಂತು, "ಮಲ್ಲೂ, ಹೊತ್ತ ಮುಣಗೇತೇನೋ?" ಚೀಲ ಕೆಳಗಿಡುವ ಮೊದಲು ಕ್ಯಾಲೆಂಡರು ನೋಡಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂಬತ್ತು ಕೋಣೆ. ಅಲುಗದ ಹಿಡಿಕೆ ಹದಿನೆಂಟು. ಎರಡು ಒಲೆ, ಒಂದು ಸಂಜೆ ಐದಕ್ಕೆ ಹತ್ತುವುದು, ಒಂದು ಏಳಕ್ಕೆ. ಒಂದು ಬೇವಿನ ಮರ. ಒಬ್ಬಳು ಹೆಂಡತಿ. ಇಪ್ಪತ್ತೊಂದು ಮಂದಿ ಹಿರಿಯರು, ಇಪ್ಪತ್ತೊಂದು ಬೇರೆ ಬೇರೆ ಹಾಳೆ. ಹದಿನೇಳು ಮಂದಿ ರಾತ್ರಿ ಉಣ್ಣುತ್ತಾರೆ. ನಾಲ್ಕು ಮಂದಿ ಉಣ್ಣುವುದಿಲ್ಲ.